ಅರಿತವರ ಸಂಗಡ ಅಡವಿಗೆ



ಗದಗ ಜಿಲ್ಲೆಯ ಹೈಸ್ಕೂಲು ಮಕ್ಕಳನ್ನು ಕಪ್ಪತಗುಡ್ಡಕ್ಕೆ ಕರೆದೊಯ್ಯುವ ವಿಚಾರವಾಗಿ ಇಂದು ನಾಲ್ಕು ಮಾತು ಹೇಳಬೇಕಾಗಿದೆ. ‘ಅಲ್ಲಿ ನೋಡುವುದೇನಿದೆ? ಮುಳ್ಳು, ಕಲ್ಲು, ಒಣಹುಲ್ಲು’ ಎಂದು ಹಲವರು ಕೇಳುತ್ತಾರೆ. ಮಲೆನಾಡಿನ ದಟ್ಟ ಕಾಡನ್ನೇ ಕಾಡೆಂದು ತಿಳಿದವರ ಮಾತಿದು. ಬಯಲುಸೀಮೆಯ ಕುರುಚಲು ಅಡವಿಯೂ ಅಡವಿಯೇ. ಮಳೆಯ ನೀರು ಸುಮ್ಮನೆ ಹರಿದುಹೋಗದಂತೆ ತಡೆದು ನೆಲಕ್ಕಿಳಿಸುವುದು ಇದೇ ಮುಳ್ಳು, ಇದೇ ಹುಲ್ಲು. ತೋಳ, ಕತ್ತೆಕಿರುಬಗಳಿಗೆ ನೆಲೆ ಕೊಟ್ಟಿರುವುದೂ ಇದೇ.

ಇದನ್ನು ಕಾಣುವ ಕಣ್ಣು ತಾನಾಗಿ ಬರುವುದಿಲ್ಲ, ಅರಿತವರು ಕೊಡಬೇಕು. ಒಂದು ನಿದರ್ಶನ ಹೇಳುತ್ತೇವೆ, ಕೇಳಿರಿ. ನಮ್ಮ ಕುರುಚಲು ಕಾಡುಗಳಲ್ಲಿ ಎರಡು ಬಳ್ಳಿಗಳುಂಟು. ಒಂದು ಮಧುನಾಶಿನಿ. ಇದರ ಎಲೆಯನ್ನು ಅಗಿದ ಮೇಲೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಸ್ವಲ್ಪ ಹೊತ್ತು ಮರಳು ತಿಂದಂತಾಗುತ್ತದೆ. ಸಿಹಿ ತಿಳಿಯುವುದೇ ಇಲ್ಲ. ಇನ್ನೊಂದು ಗುಲಗಂಜಿ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಕೆಂಪು-ಕಪ್ಪು ಬೀಜ ಅದರದು. ನೋಡಲು ಬಲು ಚೆಂದ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಕೆಂಪು ಕಂಡು ಕೈಚಾಚುವ ಮಗುವಿಗೆ ಈ ಭೇದವನ್ನು ಹೇಳುವವರಾರು? ಗುಡ್ಡದ ಮಗ್ಗುಲಲ್ಲೇ ಬದುಕಿದ ಕುರಿಗಾಹಿ, ನಾಟಿವೈದ್ಯ, ಅರಣ್ಯ ರಕ್ಷಕ ಹೇಳಬೇಕು. ಅವರನ್ನು ಮುಂದೆ ಮಾಡಿಕೊಂಡು ಹೋಗಿರಿ. ಅಲ್ಲಿ ಶಿಕ್ಷಕರೂ ಶಿಷ್ಯರಾಗಬೇಕು.

ಅರಣ್ಯ ಇಲಾಖೆಯವರು ‘ಚಿಣ್ಣರ ವನ ದರ್ಶನ’ದಂಥ ಕಾರ್ಯಕ್ರಮ ನಡೆಸುತ್ತಾರೆ, ಅವರ ಅಪ್ಪಣೆ ಪಡೆದೇ ಒಳಗೆ ಹೋಗಬೇಕು. ನೂರು ಮಕ್ಕಳ ಗುಂಪು ಬೇಡ, ಹದಿನೈದು-ಇಪ್ಪತ್ತು ಸಾಕು. ಗದ್ದಲ ಮಾಡಿದರೆ ಹಕ್ಕಿಯೂ ಕಾಣದು, ಹೇಳುವವರ ಮಾತೂ ಕೇಳದು. ಎಲೆ ಕೀಳಬಾರದು, ರುಚಿ ನೋಡುವ ಪಾಠಕ್ಕೆ ಶಾಲೆಯ ಕೈತೋಟದಲ್ಲೇ ಒಂದು ಮಧುನಾಶಿನಿ ಬಳ್ಳಿ ಹಬ್ಬಿಸಿರಿ. ಶ್ರಾವಣದ ಹಸಿರಿನಲ್ಲಿ ಒಮ್ಮೆ ಹೋದರೆ ಸಾಲದು. ಹುಲ್ಲು ಒಣಗಿದ ಮೇಲೆ ಅದೇ ದಾರಿಯಲ್ಲಿ ಇನ್ನೊಮ್ಮೆ ನಡೆಸಿರಿ. ಒಂದು ಬೀಡಿಯ ಕಿಡಿ ಏನು ಮಾಡಬಲ್ಲುದೆಂಬುದು ಆಗ ಮಕ್ಕಳಿಗೆ ಹೇಳದೆಯೇ ತಿಳಿಯುತ್ತದೆ.

ಇಷ್ಟೆಲ್ಲ ಶ್ರಮ ಏಕೆಂದು ಕೇಳಬಹುದು. ಈ ಗುಡ್ಡದ ಚರಿತ್ರೆಯನ್ನೇ ನೋಡಿರಿ. 2015ರಲ್ಲಿ ಸರಕಾರ ಇದನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು. 2016ರಲ್ಲಿ ಆ ಆದೇಶವನ್ನು ಹಿಂದಕ್ಕೆ ಪಡೆಯಿತು. ಗಣಿಗಾರಿಕೆ ಬರುವುದೆಂಬ ಆತಂಕದಿಂದ ಜನ ಎದ್ದು ನಿಂತರು. ಗದುಗಿನ ಲಿಂಗೈಕ್ಯ ತೋಂಟದ ಸಿದ್ಧಲಿಂಗ ಸ್ವಾಮಿಗಳವರು ಹೋರಾಟದ ಮುಂದಾಳತ್ವ ವಹಿಸಿದರು. 2017ರಲ್ಲಿ ಆ ರಕ್ಷಣೆ ಮರಳಿ ದೊರೆಯಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ಪ್ರದೇಶ ವನ್ಯಜೀವಿ ಧಾಮವಾಯಿತು. ಆದರೆ ಒಮ್ಮೆ ಕೊಟ್ಟು ಕಸಿದದ್ದನ್ನು ಇನ್ನೊಮ್ಮೆ ಕಸಿಯಲಾರರೆಂದು ನಿಶ್ಚಿಂತರಾಗಿರಬಹುದೇ? ಅಂದು ಬೀದಿಗಿಳಿದವರಿಗೆ ವಯಸ್ಸಾಗುತ್ತಿದೆ. ನಾಳೆ ಗುಡ್ಡದ ಪರವಾಗಿ ಮಾತನಾಡಬೇಕಾದವರು ಇಲ್ಲಿ ಕುಳಿತ ಮಕ್ಕಳೇ. ಹೆಸರೂ ಗೊತ್ತಿಲ್ಲದ ಗಿಡಕ್ಕಾಗಿ ಯಾರು ಮರುಗುತ್ತಾರೆ, ಯಾರು ಎದ್ದು ನಿಲ್ಲುತ್ತಾರೆ?

ಆದ್ದರಿಂದ ಮಕ್ಕಳೇ, ಹೋದಾಗಲೆಲ್ಲ ಐದು ಗಿಡಗಳ ಹೆಸರು ಕಲಿತು ಬನ್ನಿರಿ. ಮನೆಯ ಅಜ್ಜ-ಅಜ್ಜಿಯರಿಗೆ ಹೇಳಿರಿ. ಅವರು ಬಲ್ಲ ಹೆಸರುಗಳನ್ನೂ ಕೇಳಿ ಬರೆದಿಡಿರಿ. ಆ ಅರಿವು ನಿಮ್ಮಲ್ಲಿ ಬೆಳೆಯಲಿ, ಅದರಿಂದ ಗುಡ್ಡವೂ ಉಳಿಯಲಿ ಎಂದು ಹಾರೈಸುತ್ತೇವೆ.