ಗಾಲಿಯ ಅಳತೆ, ಬ್ರೇಕಿನ ಅಳತೆ



ಶಿರೂರ ಅನಂತಪಾಳ, ನಿಲಂಗಾ, ಉದಗೀರ, ಉಮರ್ಗಾ, ಈ ಭಾಗದ ಯಾವ ಪೇಟೆಗೆ ಹೋದರೂ ಟೈರಿನ ಅಂಗಡಿಯ ಮುಂದೆ ಅರ್ಧ ತಾಸು ಕುಳಿತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ದುಡಿದು, ಹಳೆಯ ಕಾರೊಂದನ್ನು ಕೊಂಡು ಊರಿಗೆ ಬಂದ ಹುಡುಗ ಕೇಳುತ್ತಿರುತ್ತಾನೆ: "ರುಂದ ಟೈರು ಹಾಕ್ರಿ. ಗಾಡಿ ಸ್ಪೋರ್ಟ್ಸ್ ಕಾರಿನ ಹಂಗ ರೋಡಿಗೆ ಅಂಟಿ ಓಡಬೇಕು. ಬ್ರೇಕ್ ಒತ್ತಿದ ಕೂಡಲೆ ನಿಲ್ಲಬೇಕು." ಆ ಹುಡುಗನ ಆಸೆಯಲ್ಲಿ ತಪ್ಪಿಲ್ಲ. ಗಾಡಿ ತಿರುವಿನಲ್ಲಿ ಹಿಡಿತ ಬಿಡಬಾರದು, ಬೇಕಾದಾಗ ನಿಲ್ಲಬೇಕು ಎಂದು ಬಯಸುವುದು ಒಳ್ಳೆಯದೇ. ಆದರೆ ಅಗಲವಾದ ಟೈರು ಹಾಕಿದರೆ ಇವೆರಡೂ ತಾನಾಗಿ ಬರುತ್ತವೆಂಬ ನಂಬಿಕೆ ಮಾತ್ರ ಸರಿಯಲ್ಲ. ಇಂದು ಈ ವಿಷಯವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ನಮ್ಮ ಚಕ್ಕಡಿಯನ್ನೇ ನೋಡೋಣ. ಹಿಂದೆ ಕಬ್ಬಿಣದ ಪಟ್ಟಿ ಬಡಿದ ಕಟ್ಟಿಗೆಯ ಗಾಲಿ ಇರುತ್ತಿತ್ತು. ಆಮೇಲೆ ಗಾಳಿ ತುಂಬಿದ ಟೈರಿನ ಗಾಡಿ ಬಂತು. ಡಾಂಬರು ರಸ್ತೆಯಲ್ಲಿ ಟೈರಿನ ಗಾಡಿ ಎತ್ತುಗಳಿಗೆ ಎಷ್ಟು ಹಗುರ ಎಂಬುದು ನಿಮಗೆ ಗೊತ್ತು. ಆದರೆ ಎರೆಹೊಲದಲ್ಲಿ ರಾಡಿ ಹಿಡಿದಾಗ, ತೆಳ್ಳಗಿನ ಕಬ್ಬಿಣದ ಗಾಲಿ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತದೆ. ಅಗಲದ ಟೈರು ಕೆಸರಿನ ಮೇಲೆಯೇ ಜಾರಾಡುತ್ತದೆ. ನೆಲಕ್ಕೆ ತಕ್ಕ ಗಾಲಿ ಎಂಬ ಈ ತಿಳುವಳಿಕೆ ನಮ್ಮ ಹಿರಿಯರಿಗೆ ಇತ್ತು. ಗಾಳಿ ತುಂಬಿದ ಟೈರಿಗೆ ಬೆಲ್‌ಫಾಸ್ಟ್ ಊರಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಪೇಟೆಂಟ್ ಪಡೆದರು. ಮಗನ ಮೂರು ಗಾಲಿಯ ಸೈಕಲ್ಲು ಕುಲುಕದಿರಲಿ ಎಂದು ಅವರು ಶುರುಮಾಡಿದ ಕೆಲಸವದು. ಅಂದಿನಿಂದ ಟೈರು ಬಹಳ ಬದಲಾಗಿದೆ, ಆದರೆ ನೆಲಕ್ಕೆ ತಕ್ಕ ಗಾಲಿ ಎಂಬ ಮಾತು ಬದಲಾಗಿಲ್ಲ.

ಈಗ ಟೈರಿನ ಬದಿಯಲ್ಲಿ ಬರೆದ ಅಂಕಿಗಳನ್ನು ಓದೋಣ. ಮಾರುತಿ 800 ಕಾರಿನ ತಯಾರಿಕೆ 2014ರಲ್ಲಿ ನಿಂತರೂ ನಮ್ಮ ಹಳ್ಳಿಗಳಲ್ಲಿ ಆ ಗಾಡಿಯ ಪರಿಚಯ ಇಲ್ಲದವರಿಲ್ಲ. ಅದರ ಟೈರಿನ ಮೇಲೆ 145/70 ಆರ್ 12 ಎಂದಿರುತ್ತದೆ. 145 ಎಂದರೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 70 ಎಂದರೆ ಟೈರಿನ ಗೋಡೆಯ ಎತ್ತರ, ಅಗಲದ ನೂರಕ್ಕೆ ಎಪ್ಪತ್ತರಷ್ಟು. ಆರ್ ಎಂದರೆ ರೇಡಿಯಲ್ ಕಟ್ಟು. 12 ಎಂದರೆ ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಅದರ ಮುಂದೆ ಇನ್ನೊಂದು ಅಂಕಿ ಮತ್ತು ಅಕ್ಷರ ಇರುತ್ತವೆ. ಅಂಕಿ ಹೊರುವ ಭಾರವನ್ನು, ಅಕ್ಷರ ತಡೆಯುವ ವೇಗವನ್ನು ಹೇಳುತ್ತದೆ. ಉದಾಹರಣೆಗೆ 85 ಎಂದಿದ್ದರೆ ಆ ಟೈರು 515 ಕಿಲೋ ಹೊರಬಲ್ಲದು; ಎಚ್ ಎಂದಿದ್ದರೆ ಗಂಟೆಗೆ 210 ಕಿಲೋಮೀಟರ್ ವೇಗ ತಾಳಬಲ್ಲದು. ಅಂಗಡಿಯವರು ಹೇಳುವ ಮೊದಲೇ ಇಷ್ಟನ್ನು ನೀವೇ ಓದಿಕೊಳ್ಳಬಹುದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಇಡೀ ಕಾರು ನೆಲವನ್ನು ಮುಟ್ಟುವುದು ಎಷ್ಟು ಜಾಗದಲ್ಲಿ ಗೊತ್ತೇ? ಜನ ಕುಳಿತ ಚಿಕ್ಕ ಕಾರು 900 ಕಿಲೋ ಎಂದಿಟ್ಟುಕೊಳ್ಳಿ. ಒಂದೊಂದು ಗಾಲಿಯ ಮೇಲೆ 225 ಕಿಲೋ. ಗಾಳಿ 30 ಪೌಂಡ್ ಇದ್ದರೆ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ ಒತ್ತಡ ಇದ್ದರೆ, ಆ ಭಾರ ಹೊರಲು ಹೆಚ್ಚುಕಡಿಮೆ 107 ಚದರ ಸೆಂಟಿಮೀಟರ್ ಜಾಗ ಸಾಕು. ಅದು ನಿಮ್ಮ ಅಂಗೈಯಷ್ಟು. ಅಂಥ ನಾಲ್ಕು ಅಂಗೈಗಳ ಮೇಲೆ ನಿಮ್ಮ ಸಂಸಾರ ಓಡುತ್ತಿರುತ್ತದೆ. ಅದೇ ಗಾಳಿಯ ಒತ್ತಡದಲ್ಲಿ ಅಗಲದ ಟೈರು ಹಾಕಿದರೆ ಆ ಅಂಗೈ ಬಹಳ ದೊಡ್ಡದಾಗುವುದಿಲ್ಲ. ಅದರ ಆಕಾರ ಬದಲಾಗುತ್ತದೆ. ಮೊದಲು ಉದ್ದವಾಗಿದ್ದದ್ದು ಗಿಡ್ಡವಾಗಿ, ಅಡ್ಡಲಾಗಿ ಹರಡುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಇದರಿಂದ ತಿರುವಿನ ಹಿಡಿತ ಕೊಂಚ ಹೆಚ್ಚುತ್ತದೆ ನಿಜ. ಆದರೆ ರಬ್ಬರು ಎಂಥದು, ಎಷ್ಟು ಹಳೆಯದು, ಗಾಳಿ ಎಷ್ಟಿದೆ ಎಂಬುದು ಅಗಲಕ್ಕಿಂತ ಹೆಚ್ಚಿನ ಮಾತು.

ಹಾಗಾದರೆ ಸ್ಪೋರ್ಟ್ಸ್ ಕಾರುಗಳು ಅಗಲದ ಟೈರು ಹಾಕುವುದಿಲ್ಲವೇ ಎಂದು ನೀವು ಕೇಳಬಹುದು. ಹಾಕುತ್ತವೆ, ಆದರೆ ಅಳೆದು ಹಾಕುತ್ತವೆ. 1989ರಲ್ಲಿ ಬಂದ ಪೋರ್ಷೆ 911 ಕಾರಿನ ಎಂಜಿನ್ ಹಿಂಭಾಗದಲ್ಲಿದೆ. ಹಿಂದೆ ಭಾರ ಹೆಚ್ಚು. ಆದ್ದರಿಂದ ಮುಂದೆ 205/55, ಹಿಂದೆ 225/50 ಅಳತೆಯ ಟೈರು, ರಿಮ್ಮು ಎರಡಕ್ಕೂ 16 ಇಂಚು. ಲೆಕ್ಕ ಹಾಕಿ ನೋಡಿ: ಅಗಲದಲ್ಲಿ 20 ಮಿಲಿಮೀಟರ್ ವ್ಯತ್ಯಾಸ ಇದ್ದರೂ ಗಾಲಿಯ ಒಟ್ಟು ಎತ್ತರದಲ್ಲಿ ಅರ್ಧ ಮಿಲಿಮೀಟರಷ್ಟೇ ವ್ಯತ್ಯಾಸ. ಅದೇ ವರ್ಷ ಜಪಾನಿನ ಮಾಜ್ದಾ ಕಂಪನಿ ತಂದ ಎಂಎಕ್ಸ್-5 ಎಂಬ ಇಬ್ಬರು ಕೂಡುವ ಹಗುರ ಕಾರಿಗೆ ನಾಲ್ಕೂ ಗಾಲಿಗೆ 185/60 ಆರ್ 14 ಸಾಕಾಯಿತು. ಇನ್ನೊಂದು ಸಂಗತಿ ಕೇಳಿ. 2012ರಲ್ಲಿ ಟೊಯೊಟಾ ಕಂಪನಿ 86 ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದಾಗ ಅದಕ್ಕೆ ಹಾಕಿದ್ದು 215/45 ಆರ್ 17 ಟೈರು. ತನ್ನದೇ ಪ್ರಿಯಸ್ ಎಂಬ ಇಂಧನ ಉಳಿಸುವ ಕಾರಿಗೂ ಆ ಕಂಪನಿ ಅದೇ ಟೈರನ್ನು ಕೊಡುತ್ತಿತ್ತು. ಹಿಡಿತ ಯಾವಾಗ ಮುಗಿಯುತ್ತದೆಂದು ಓಡಿಸುವವನಿಗೆ ಮೆಲ್ಲಗೆ ತಿಳಿಯಬೇಕು, ಒಮ್ಮೆಲೇ ಜಾರಬಾರದು ಎಂಬುದು ಅವರ ಲೆಕ್ಕ.

ನಮ್ಮ ಕನ್ನಡ ನೆಲದ ಉದಾಹರಣೆಯೂ ಇದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಏಷ್ಯಾ-ಪೆಸಿಫಿಕ್ ರ್‍ಯಾಲಿ ಸ್ಪರ್ಧೆಯ ಸುತ್ತುಗಳು ನಡೆದಿವೆ. ನಮ್ಮ ಹಾಗೆಯೇ ಗಡಿನಾಡಿನವರಾದ ಕಾಸರಗೋಡಿನ ಮೂಸಾ ಶರೀಫ್ ದೇಶದ ಹೆಸರಾಂತ ರ್‍ಯಾಲಿ ಸಹಚಾಲಕರು. ಇಂಥ ರ್‍ಯಾಲಿಗಳಲ್ಲಿ ಒಂದು ನಿಯಮವಿದೆ. ಜಾಗತಿಕ ಮಟ್ಟದ ರ್‍ಯಾಲಿ ಕಾರು ಡಾಂಬರಿನ ಮೇಲೆ ಓಡುವಾಗ 18 ಇಂಚಿನ ಅಗಲ ಗಾಲಿ ಹಾಕುತ್ತದೆ. ಅದೇ ಕಾರು ಮಣ್ಣು-ಖಡಿಯ ದಾರಿಗೆ ಇಳಿದಾಗ 15 ಇಂಚಿನ ರಿಮ್ಮು, ಕಿರಿದಾದ ಟೈರು, ಎತ್ತರದ ಗೋಡೆ. ಹಿಮದ ಸ್ವೀಡನ್ನಿನಲ್ಲಿ ಇನ್ನೂ ಕಿರಿದು. ಲೋಕದ ಅತಿ ವೇಗದ ಚಾಲಕರೇ ಮಣ್ಣಿನಲ್ಲಿ ಕಿರಿದಾದ ಟೈರು ಬಯಸುವಾಗ, ಅರ್ಧ ಡಾಂಬರು ಅರ್ಧ ಎರೆಮಣ್ಣಿನ ದಾರಿಯವರಾದ ನಾವು ಏನು ಮಾಡಬೇಕು? ನೀವೇ ಯೋಚಿಸಿ.

ಬ್ರೇಕಿನ ವಿಷಯಕ್ಕೆ ಬರೋಣ. ಬ್ರೇಕು ನಿಲ್ಲಿಸುವುದು ಗಾಲಿಯನ್ನು. ಗಾಡಿಯನ್ನು ನಿಲ್ಲಿಸುವುದು ಟೈರು. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದಾರಿ ನಾಲ್ಕರಷ್ಟಾಗುತ್ತದೆ. ಒಣ ಡಾಂಬರಿನ ಮೇಲೆ 40 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ ಸುಮಾರು 9 ಮೀಟರಿನಲ್ಲಿ ನಿಂತರೆ, 80ರ ವೇಗದಲ್ಲಿ 36 ಮೀಟರ್ ಬೇಕು. ನೆಂದ ರಸ್ತೆಯಲ್ಲಿ ಅದು 60 ಮೀಟರ್ ದಾಟಬಹುದು. ಟ್ರ್ಯಾಕ್ಟರಿನ ಗಾಲಿಯಿಂದ ಉದುರಿದ ಎರೆಮಣ್ಣು ಮಳೆಗೆ ನೆನೆದು ಡಾಂಬರಿಗೆ ಸಾರಿಸಿದಂತಾಗಿದ್ದರೆ 100 ಮೀಟರೂ ಸಾಲದು. ಇದಲ್ಲದೆ ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ 22 ಮೀಟರ್ ಹೋಗಿರುತ್ತದೆ.

ದೊಡ್ಡ ಗಾಲಿ ಹಾಕಿದಾಗ ಇನ್ನೊಂದು ತೊಂದರೆ. ಮಾರುತಿಯ 145/70 ಆರ್ 12 ಗಾಲಿಯ ಒಟ್ಟು ಎತ್ತರ ಸುಮಾರು 508 ಮಿಲಿಮೀಟರ್. ಅದನ್ನು ತೆಗೆದು 155/65 ಆರ್ 13 ಹಾಕಿದರೆ 532 ಆಗುತ್ತದೆ. ನೂರಕ್ಕೆ ಸುಮಾರು ಐದರಷ್ಟು ಹೆಚ್ಚು. ಆಗ ಮೀಟರಿನ ಮುಳ್ಳು 80 ತೋರಿಸುವಾಗ ಗಾಡಿ 84ರ ಹತ್ತಿರ ಓಡುತ್ತಿರುತ್ತದೆ. ಕಾಲಿನಿಂದ ಅಷ್ಟೇ ಒತ್ತಿದರೂ ನೆಲಕ್ಕೆ ತಲಪುವ ಬ್ರೇಕಿನ ಬಲ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಟೈರು ಒಳಗೋಡೆಗೆ ಉಜ್ಜುವುದೂ ಉಂಟು. ಚೆಂದಕ್ಕೆ ಹಾಕಿದ್ದು ಬ್ರೇಕನ್ನೇ ಕಿತ್ತುಕೊಂಡಂತೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಹಳೆಯ ಕಾರಿಗೆ ಅಗಲದ, ಅರ್ಧ ಸವೆದ ಟೈರುಗಳನ್ನು ಕಡಿಮೆ ಬೆಲೆಗೆ ಹಾಕಿಸಿದ್ದೆ. ಬೇಸಿಗೆಯಲ್ಲಿ ಗಾಡಿ ಸೊಗಸಾಗಿ ಓಡಿತು. ಮಿರಗದ ಮೊದಲ ಮಳೆಯ ಸಂಜೆ ನಿಲಂಗಾ ಕಡೆಯಿಂದ ಬರುತ್ತಿದ್ದೆ. ಹೊಲದ ದಾರಿ ರಸ್ತೆಗೆ ಕೂಡುವಲ್ಲಿ ಒಬ್ಬ ಮುದುಕರು ಜೋಡಿ ಎತ್ತು ಹೊಡೆದುಕೊಂಡು ರಸ್ತೆ ದಾಟುತ್ತಿದ್ದರು. ಬ್ರೇಕ್ ಒತ್ತಿದೆ. ಗಾಲಿ ನಿಂತವು, ಗಾಡಿ ನಿಲ್ಲಲಿಲ್ಲ. ಎತ್ತಿನ ಕೋಡಿಗೂ ನನ್ನ ಕನ್ನಡಿಗೂ ಒಂದು ಮೊಳದ ಅಂತರದಲ್ಲಿ ಜಾರಿ ಹೋಗಿ ಪಕ್ಕದ ತಗ್ಗಿನಲ್ಲಿ ನಿಂತೆ. ಯಾರಿಗೂ ಏನೂ ಆಗಲಿಲ್ಲ. ಮುದುಕರು ಬಂದು ಕಾರನ್ನು ನೋಡಲಿಲ್ಲ, ಬಗ್ಗಿ ಟೈರನ್ನು ನೋಡಿದರು. "ಇಷ್ಟು ಸವೆದ ಲಾಳ ಇದ್ದರೆ ನಾನು ಎತ್ತನ್ನ ರಸ್ತೆಕ್ಕ ತರಂಗಿಲ್ಲಪ್ಪಾ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪು ಟೈರು ಮಾರಿದವರದಲ್ಲ, ಕೇಳಿ ಹಾಕಿಸಿಕೊಂಡ ನನ್ನದೇ.

ನಿಂತ ನೀರಿನ ಲೆಕ್ಕವೂ ಇದೆ. 1963ರಲ್ಲಿ ಅಮೆರಿಕೆಯ ನಾಸಾ ಸಂಶೋಧಕರು ನೀರಿನ ಮೇಲೆ ಟೈರು ತೇಲುವ ಬಗೆಯನ್ನು ವಿವರಿಸಿದರು. ಅವರ ಸೂತ್ರದಂತೆ 30 ಪೌಂಡ್ ಗಾಳಿಯ ಟೈರು ಸುಮಾರು 90 ಕಿಲೋಮೀಟರ್ ವೇಗದಲ್ಲಿ ನೀರಿನ ಮೇಲೆ ತೇಲಲು ತೊಡಗುತ್ತದೆ. ಗಾಳಿ 16 ಪೌಂಡಿಗೆ ಇಳಿದಿದ್ದರೆ 67ಕ್ಕೇ ತೇಲುತ್ತದೆ. ಟೈರಿನ ಗೆರೆಗಳು ಆಳವಾಗಿದ್ದರೆ ನೀರು ಹೊರಗೆ ಹೋಗಿ ಸ್ವಲ್ಪ ರಕ್ಷಣೆ ಸಿಗುತ್ತದೆ. ಅಗಲವಾದ, ಸವೆದ, ಗಾಳಿ ಕಡಿಮೆ ಇರುವ ಟೈರು ಮಳೆಗಾಲದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಉಮರ್ಗಾದ ಮೇಲೆ ಹಾಯುವ ಪುಣೆ-ಹೈದರಾಬಾದ್ ಹೆದ್ದಾರಿಯಲ್ಲಿ ವೇಗವಾಗಿ ಹೋಗುವವರು ಇದನ್ನು ನೆನಪಿಡಬೇಕು.

ಮೋಟರ್ ಸೈಕಲ್ಲಿನವರಿಗೂ ಒಂದು ಮಾತು. ಸಣ್ಣ ಗಾಡಿಯ ಕಿರಿದಾದ ರಿಮ್ಮಿಗೆ ಅಗಲದ ಟೈರು ತುರುಕಿದರೆ ಅದರ ದುಂಡು ಆಕಾರ ಹಿಂಡಿದಂತಾಗುತ್ತದೆ. ತಿರುವಿನಲ್ಲಿ ಅಷ್ಟೇ ತಿರುಗಲು ಗಾಡಿಯನ್ನು ಹೆಚ್ಚು ವಾಲಿಸಬೇಕಾಗುತ್ತದೆ. ಚೈನಿನ ಕವಚಕ್ಕೆ ತಾಗುವ ಭಯ ಬೇರೆ. ಮೈಲೇಜೂ ಇಳಿಯುತ್ತದೆ.

ಹಾಗಾದರೆ ಏನು ಮಾಡಬೇಕು? ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಳತೆ ಮತ್ತು ಗಾಳಿ ಬರೆದ ಚೀಟಿ ಇರುತ್ತದೆ, ಇಲ್ಲವಾದರೆ ಗಾಡಿಯ ಪುಸ್ತಕದಲ್ಲಿರುತ್ತದೆ. ಅದೇ ನಿಮ್ಮ ಮೊದಲ ಗುರು. ಬದಲಿಸಲೇಬೇಕೆಂದರೆ ಅಗಲದಲ್ಲಿ ಒಂದೇ ಮೆಟ್ಟಿಲು ಏರಿ. ಗಾಲಿಯ ಒಟ್ಟು ಎತ್ತರ ಮೊದಲಿನಷ್ಟೇ ಇರಲಿ. ರಿಮ್ಮಿನ ಅಗಲಕ್ಕೆ ಒಪ್ಪಲಿ. ಭಾರದ ಅಂಕಿ ಮೂಲಕ್ಕಿಂತ ಕಡಿಮೆ ಇರಬಾರದು. ಗೋಡೆ ತೀರ ಗಿಡ್ಡ ಬೇಡ, ನಮ್ಮ ತಗ್ಗು-ದಿಣ್ಣೆಗೆ ರಿಮ್ಮು ಬಾಗುತ್ತದೆ. ಒಂದೇ ಅಚ್ಚಿನ ಎರಡೂ ಬದಿಗೆ ಒಂದೇ ಅಳತೆಯ, ಒಂದೇ ನಮೂನೆಯ ಟೈರು ಇರಲಿ. ಎರಡೇ ಹೊಸದು ಕೊಂಡರೆ ಹಿಂದೆ ಹಾಕಿಸಿ. ಮುಂದಿನದು ಜಾರಿದರೆ ಗಾಡಿ ನೇರ ಹೋಗುತ್ತದೆ, ವೇಗ ಇಳಿಸಿದರೆ ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಗಾಡಿ ಬುಗುರಿಯಂತೆ ತಿರುಗುತ್ತದೆ.

ಕೊಳ್ಳುವಾಗ ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಯ ಗುರುತು ನೋಡಿ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರ ತಯಾರಾದದ್ದು. ಕಾರಿನ ಟೈರಿನ ಗೆರೆಯೊಳಗೆ ಸಣ್ಣ ದಿಬ್ಬಗಳಿರುತ್ತವೆ; ಉಳಿದ ಆಳ 1.6 ಮಿಲಿಮೀಟರಿಗೆ ಇಳಿದಾಗ ಅವು ಟೈರಿನ ಮೈಗೆ ಸಮನಾಗುತ್ತವೆ. ಆಗ ಅದನ್ನು ತೆಗೆಯಲೇಬೇಕು. ಮಳೆಗಾಲಕ್ಕೆ ಅದಕ್ಕಿಂತ ಮೊದಲೇ ತೆಗೆದರೆ ಇನ್ನೂ ಒಳ್ಳೆಯದು. ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ ನೋಡಿಸಿ. ಅಗಲದ ಟೈರಿಗೆ ಕೊಡುವ ಹಣದಲ್ಲಿ ಸರಿ ಅಳತೆಯ ಒಳ್ಳೆಯ ಟೈರು ಬರುತ್ತದೆ.

ಬಂಧುಗಳೇ, ನಾವು ಎರಡು ಭಾಷೆಯ ಜನ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕನ್ನಡದಲ್ಲಿ ಹೇಳುತ್ತೇವೆ. ಅಂಥರೂಣ ಪಾಹೂನ ಪಾಯ ಪಸರಾವೇ ಎಂದು ಮರಾಠಿಯಲ್ಲಿ ಹೇಳುತ್ತೇವೆ. ಟೈರಿನ ಮಾತೂ ಅಷ್ಟೇ: ಗಾಡಿ ನೋಡಿ, ರಿಮ್ಮು ನೋಡಿ, ನಮ್ಮ ದಾರಿ ನೋಡಿ ಅಳತೆ ಆರಿಸಿ. ನಾಳೆ ಬೆಳಿಗ್ಗೆ ಗಾಡಿ ಹೊರಡಿಸುವ ಮೊದಲು ಒಮ್ಮೆ ಬಗ್ಗಿ ಆ ನಾಲ್ಕು ಅಂಗೈಗಳನ್ನು ನೋಡಿಕೊಳ್ಳಿ. ರಸ್ತೆ ದಾಟುವ ಮುದುಕರೂ, ಅವರ ಎತ್ತುಗಳೂ, ಮನೆಯಲ್ಲಿ ನಿಮ್ಮ ದಾರಿ ಕಾಯುವವರೂ ಅದನ್ನೇ ನಂಬಿದ್ದಾರೆ.