ಹೆಬ್ಬೆಟ್ಟು ಒತ್ತುವ ಮುಂಚೆ



ಇವತ್ತು ಸ್ವಲ್ಪ ಕಷ್ಟದ ಮಾತು ಆಡೋಣ. ನಿಮಗೆ ನಲವತ್ತು, ನಲವತ್ತೈದು ವಯಸ್ಸು. ಮಗಳ ಮದುವೆ ಆಗಿಲ್ಲ. ಮಗ ಇನ್ನೂ ಓದುತ್ತಿದ್ದಾನೆ. ಅಂಥ ಹೊತ್ತಿನಲ್ಲಿ ಗಂಡ ತೀರಿಕೊಂಡರೆ ಏನು ಮಾಡೋದು? ಅಪಶಕುನದ ಮಾತು ಅನ್ನಬೇಡಿ. ನಮ್ಮ ಕೇಂದ್ರಕ್ಕೆ ಬರುವವರಲ್ಲೇ ಇಂಥವರು ಇದ್ದಾರೆ.

ಅಳು ಬರುತ್ತದೆ. ಅತ್ತುಬಿಡಿ. ಆದರೆ ಬಳೆ ಒಡೆದು, ಕುಂಕುಮ ಅಳಿಸಿ ಮೂಲೆಯಲ್ಲಿ ಕೂರಿಸುತ್ತಾರಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ತೊಟ್ಟಿಲಲ್ಲಿ ಇದ್ದಾಗಲೇ ಅವ್ವ ಇಟ್ಟ ಕುಂಕುಮ ಅದು. ಗಂಡ ತಂದದ್ದಲ್ಲ. ಮೂಲೆಯಲ್ಲಿ ಕೂತವಳಿಗೆ ನಡುಮನೆಯಲ್ಲಿ ಏನು ಮಾತು ನಡೀತಿದೆ ಅಂತ ಗೊತ್ತಾಗುವುದೂ ಇಲ್ಲ.

ಒಬ್ಬ ಅಕ್ಕನ ಮನೆಯಲ್ಲಿ ಹೀಗೆ ಆಯಿತು. ತಿಥಿ ಮುಗಿದ ಮಾರನೇ ದಿನ ಭಾವ ಒಂದು ಕಾಗದ ತಂದರು. "ಖಾತೆ ಬದಲಾವಣೆಗೆ ಬೇಕಮ್ಮ, ಇಲ್ಲಿ ಹೆಬ್ಬೆಟ್ಟು ಒತ್ತು" ಅಂದರು. ಆಕೆ ಕಾಗದ ಇಸಕೊಂಡಳು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮೇಲೆ "ಹಕ್ಕು ಬಿಡುಗಡೆ ಪತ್ರ" ಅಂತ ಇತ್ತು. "ಇರಲಿ ಭಾವ, ಪೂರ್ತಿ ಓದಿ ಹೇಳ್ತೀನಿ" ಅಂದಳು. ಜಗಳ ಆಡಲಿಲ್ಲ. ಒತ್ತಲೂ ಇಲ್ಲ.

ಹಕ್ಕು ಬಿಡುಗಡೆ ಅಂದರೆ ನನ್ನ ಪಾಲು ನನಗೆ ಬೇಡ ಅಂತ ಬರೆದುಕೊಟ್ಟ ಹಾಗೆ. ಜಮೀನಿಗೆ ಇಂಥ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಅಲ್ಲಿಗೆ ಕರೆದರೆ, ಯಾಕೆ ಅಂತ ಕೇಳಿ.

ನಿಮ್ಮ ಪಾಲು ಎಷ್ಟು? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಗಂಡ ಉಯಿಲು ಬರೆಯದೆ ತೀರಿಕೊಂಡರೆ, ಅವನ ಸ್ವಂತ ಆಸ್ತಿ ಹೆಂಡತಿಗೆ, ಗಂಡು ಹೆಣ್ಣು ಮಕ್ಕಳಿಗೆ, ಅವನ ತಾಯಿಗೆ ಸಮಸಮ. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ಅತ್ತೆ, ನೀವು. ಒಟ್ಟು 5 ಪಾಲು. ಅದರಲ್ಲಿ ಒಂದು ನಿಮ್ಮದು. ಪಿತ್ರಾರ್ಜಿತ ಆದರೆ ಗಂಡನಿಗೆ ಬರುವ ಭಾಗದಲ್ಲಿ ನಿಮಗೆ ಪಾಲು. ಮುಸ್ಲಿಂ ಅಕ್ಕಂದಿರಿಗೆ ಮಕ್ಕಳಿದ್ದರೆ 8ರಲ್ಲಿ 1, ಕ್ರೈಸ್ತರಿಗೆ ಮಕ್ಕಳಿದ್ದರೆ 3ರಲ್ಲಿ 1.

ಇದಕ್ಕೆಲ್ಲ ಮೊದಲು ಬೇಕಾದ್ದು ಮರಣ ಪ್ರಮಾಣಪತ್ರ. ಸಾವನ್ನು 21 ದಿನದೊಳಗೆ ಬರೆಸಿದರೆ ದುಡ್ಡು ಕೊಡಬೇಕಾಗಿಲ್ಲ. ತಡವಾದರೆ ದಂಡ, ಓಡಾಟ. ಪಂಚಾಯಿತಿಯಲ್ಲಿ ಕೇಳಿ, ಎಲ್ಲಿ ಬರೆಸಬೇಕು ಅಂತ ಹೇಳುತ್ತಾರೆ. ನಾಲ್ಕೈದು ಪ್ರತಿ ಇಟ್ಟುಕೊಳ್ಳಿ. ಹೋದಲ್ಲೆಲ್ಲ ಒಂದು ಕೇಳುತ್ತಾರೆ.

ಆಮೇಲೆ ವಂಶವೃಕ್ಷ. ನಾಡಕಚೇರಿಯಲ್ಲಿ ಮಾಡಿಸಬೇಕು. ಅದರಲ್ಲಿ ನಿಮ್ಮ ಹೆಸರು, ಹೆಣ್ಣುಮಕ್ಕಳ ಹೆಸರು ಇದೆಯೋ ನೋಡಿ. ಕೊಟ್ಟ ಮನೆಗೆ ಹೋದಳು ಅಂತ ಮಗಳ ಹೆಸರು ಬಿಡುವುದುಂಟು. ಬಿಡಬಾರದು. ಈ ಎರಡು ಕಾಗದ ಇಟ್ಟು ಪೌತಿ ಖಾತೆಗೆ ಅರ್ಜಿ ಹಾಕಿ. ಖಾತೆ ಆದ ಮೇಲೆ ಪಹಣಿ ತೆಗೆಸಿ ಓದಿ. ಬಡ ವಿಧವೆಯರಿಗೆ ಸರ್ಕಾರ ಮಾಸಾಶನ ಕೊಡುತ್ತದೆ. ಅದರ ಅರ್ಜಿಯೂ ನಾಡಕಚೇರಿಯಲ್ಲೇ.

ಇನ್ನು ಗಂಡನ ಪಾಸ್‌ಬುಕ್. ಇದನ್ನು ಬಹಳ ಜನ ನೋಡುವುದೇ ಇಲ್ಲ. ವರ್ಷಕ್ಕೊಮ್ಮೆ 20 ರೂಪಾಯಿ ಅಥವಾ 436 ರೂಪಾಯಿ ಕಡಿತ ಆಗಿದೆಯಾ? 20 ರೂಪಾಯಿದು ಅಪಘಾತ ವಿಮೆ. 436 ರೂಪಾಯಿದು ಜೀವ ವಿಮೆ, ಅದು 55 ವಯಸ್ಸಿನವರೆಗೆ. ಸಾವಿಗೆ ಎರಡರಲ್ಲೂ 2 ಲಕ್ಷ. ಬ್ಯಾಂಕಿಗೆ ಬೇಗ ಹೋಗಿ ಕೇಳಬೇಕು. ನೀವು ಕೇಳದಿದ್ದರೆ ಅದು ತಾನಾಗಿ ಮನೆಗೆ ಬರುವುದಿಲ್ಲ.

ಮಗ ದೊಡ್ಡವನು, ಅವನೇ ನೋಡ್ಕೊಳ್ತಾನೆ ಅನ್ನುತ್ತೀರಿ. ನೋಡಿಕೊಳ್ಳಲಿ, ಸಂತೋಷ. ನೀವೂ ಜೊತೆಗೆ ಹೋಗಿ.

ಗಂಡ ಚೆನ್ನಾಗಿರುವವರೂ ಇವತ್ತೇ ಒಂದು ಕೆಲಸ ಮಾಡಬಹುದು. ಮುಂದಿನ ಪಾಠಕ್ಕೆ ಮನೆಯ ಪಾಸ್‌ಬುಕ್, ಪಹಣಿ ತನ್ನಿ. ಯಾರ ಹೆಸರು ಎಲ್ಲಿದೆ ಅಂತ ಎಲ್ಲರೂ ಕೂತು ಓದೋಣ.