ಘಾಟಿ ಹತ್ತೋಕೆ ಎಷ್ಟು ಪೆಟ್ರೋಲ್ ಬೇಕು?

ವೀಕೆಂಡ್‌ಗೆ ಘಾಟಿ ಕಡೆ ಹೊರಡೋರಿಗೆ ಇವತ್ತು ಒಂದು ಸಣ್ಣ ಪೆಟ್ರೋಲ್ ಲೆಕ್ಕ.

ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು, 500 ಮೀಟರ್‌ಗೂ ಹೆಚ್ಚು ಏರು. ನಾಲ್ಕು ಜನ, ಲಗೇಜು ಸೇರಿ 1200 ಕೆಜಿ ತೂಗೋ ಕಾರನ್ನು ಅಷ್ಟು ಮೇಲಕ್ಕೆ ಎತ್ತೋಕೇ ಸುಮಾರು ಮುಕ್ಕಾಲು ಲೀಟರ್ ಪೆಟ್ರೋಲ್ ಬೇಕು. ಕಾಮರ್ಸ್ ಭಾಷೆಯಲ್ಲಿ ಇದು ಫಿಕ್ಸೆಡ್ ಕಾಸ್ಟ್. ಬೇಡದ ಲಗೇಜು ಇಳಿಸಿದರೆ ಸ್ವಲ್ಪ ಕಮ್ಮಿ ಆಗುತ್ತೆ, ಅಷ್ಟೆ.

ನಿಜವಾದ ಉಳಿತಾಯ ಇರೋದು ಬ್ರೇಕ್‌ನಲ್ಲಿ. ನೇರ ರಸ್ತೆ ಸಿಕ್ಕ ತಕ್ಷಣ ಆಕ್ಸಿಲರೇಟರ್ ಒತ್ತಿ, ತಿರುವಲ್ಲಿ ಬ್ರೇಕ್ ಹಾಕಿದರೆ ಸುಟ್ಟ ಪೆಟ್ರೋಲೆಲ್ಲ ಬ್ರೇಕಿನ ಬಿಸಿಯಾಗಿ ಹೋಗುತ್ತೆ. ತಿರುವು ಕಾಣ್ತಿದ್ದಂಗೆ ಕಾಲು ಸಡಿಲಿಸಿ. ಏರೇ ವೇಗ ತಗ್ಗಿಸುತ್ತೆ. ಗೇರ್ ಮೊದಲೇ ಇಳಿಸಿ. ಮೈಲೇಜ್ ಆಸೆಗೆ ಮೇಲಿನ ಗೇರ್‌ನಲ್ಲೇ ಎಳೀಬೇಡಿ. ಇಂಜಿನ್ ನಡುಗ್ತಿದೆ ಅಂದ್ರೆ ಅದು ಕೆಳಗಿನ ಗೇರ್ ಕೇಳ್ತಿದೆ.

ಇನ್ನು ಇಳಿಯೋವಾಗ. 'ನ್ಯೂಟ್ರಲ್ ಹಾಕಿದ್ರೆ ಪೆಟ್ರೋಲ್ ಉಳಿಯುತ್ತೆ' ಅನ್ನೋರು ಈಗಲೂ ಇದ್ದಾರೆ. ಇಂದಿನ ಫ್ಯುಯೆಲ್ ಇಂಜೆಕ್ಷನ್ ಕಾರಿನಲ್ಲಿ ಅದು ಉಲ್ಟಾ. ಗೇರ್‌ನಲ್ಲೇ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜಿನ್‌ಗೆ ಪೆಟ್ರೋಲ್ ಹೋಗೋದೇ ನಿಲ್ಲುತ್ತೆ; ಚಕ್ರಗಳೇ ಇಂಜಿನನ್ನು ತಿರುಗಿಸ್ತವೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಸುಮ್ನೆ ಓಡೋಕೂ ಪೆಟ್ರೋಲ್ ಕುಡೀತಾನೇ ಇರುತ್ತೆ. ಜೊತೆಗೆ ಪೂರ್ತಿ ಭಾರ ಬ್ರೇಕ್ ಮೇಲೆ. ಅದು ಕಾದು ಹಿಡಿತ ಬಿಟ್ಟರೆ ಪಕ್ಕದಲ್ಲಿರೋದು ಪ್ರಪಾತ. ಅದಕ್ಕೇ, ಯಾವ ಗೇರ್‌ನಲ್ಲಿ ಹತ್ತಿದ್ರೋ ಅದೇ ಗೇರ್‌ನಲ್ಲಿ ಇಳಿಯಿರಿ.

ಇಕ್ಕಟ್ಟಿನ ಜಾಗದಲ್ಲಿ ಹತ್ತಿ ಬರೋ ಗಾಡಿಗೆ ಮೊದಲು ದಾರಿ ಬಿಡಿ. ನಿಯಮವೂ ಅದೇ. ಏರಲ್ಲಿ ನಿಂತು ಮತ್ತೆ ಹೊರಡೋ ಖರ್ಚು ಅವರಿಗೆ ಉಳಿಯುತ್ತೆ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಹುಷಾರಾಗಿ ಹೋಗಿ ಬನ್ನಿ.